ಐನೂರು ಪದ ಮೀರದಂತೆ

ಫಾರ್ಮು ಕೇಳುತ್ತದೆ:
ವರ್ತನೆಯ ನರವಿಜ್ಞಾನವೇ ಯಾಕೆ?
ಐನೂರು ಪದ ಮೀರದಂತೆ ಬರೆಯಿರಿ.

'ಚಿಕ್ಕಂದಿನಿಂದ ನನಗೆ ಮೆದುಳೆಂದರೆ ಕುತೂಹಲ.'
ಬರೆದೆ. ಅಳಿಸಿದೆ.
ಚಿಕ್ಕಂದಿನಲ್ಲಿ ಕುತೂಹಲ ಇದ್ದದ್ದು
ಅಪ್ಪನ ಚರ್ಮದ ಬ್ಯಾಗಿನ ಚಿಲ್ಲರೆಯಲ್ಲಿ,
ಅಷ್ಟು ಕುಲುಕುವ ಬಸ್ಸಿನಲ್ಲೂ
ಅವರ ಕಿವಿಯ ಮೇಲಿನ ಪೆನ್ನು
ಯಾಕೆ ಬೀಳುವುದಿಲ್ಲ ಎನ್ನುವುದರಲ್ಲಿ.

ಇಪ್ಪತ್ತಾರು ವರ್ಷ
ಫುಟ್‌ಬೋರ್ಡಿನಲ್ಲಿ ಒಂದು ಕಾಲು, ಗಾಳಿಯಲ್ಲಿ ಇನ್ನೊಂದು.
ಆಮೇಲೆ ಒಂದು ಬೆಳಿಗ್ಗೆ, ಕೋಡಿಕಲ್ಲಿನ ಮನೆಯಲ್ಲಿ,
ಫಸ್ಟ್ ಟ್ರಿಪ್ಪಿಗೆ ಖಾಕಿ ತೊಡುವಾಗ
ಬಲಗೈ ಮೂರನೇ ಗುಂಡಿಯಲ್ಲೇ ನಿಂತಿತು.

ಈಗ ಅಪ್ಪನಿಗೆ 'ನೀರು' ಎನ್ನಲು ಬರುವುದಿಲ್ಲ.
'ನಿಶ್ಮಿತಾ' ಎನ್ನಲು ಬರುವುದಿಲ್ಲ.
ಲೋಟ ತೋರಿಸಿದರೆ ತುಟಿ ಅಲುಗುತ್ತದೆ,
ಹೆಸರು ಹಿಂದಿನ ಸ್ಟಾಪಿನಲ್ಲೇ ಇಳಿದು ಹೋಗಿರುತ್ತದೆ.
ಆದರೆ 'ಕೊಟ್ಟಾರ' ಎಂದು ನಾನು ಹೇಳಿಕೊಟ್ಟರೆ ಸಾಕು,
ಕೂಳೂರು ಪಣಂಬೂರು ಬೈಕಂಪಾಡಿ ಸುರತ್ಕಲ್
ಮುಕ್ಕ ಹಳೆಯಂಗಡಿ ಮೂಲ್ಕಿ ಹೆಜಮಾಡಿ
ಪಡುಬಿದ್ರಿ ಎರ್ಮಾಳು ಉಚ್ಚಿಲ ಕಾಪು
ಕಟಪಾಡಿ ಉದ್ಯಾವರ ಉಡುಪಿ ಉಡುಪಿ ಉಡುಪಿ!
ಒಂದೇ ಉಸಿರು. ಗಂಟಲಲ್ಲಿ ಹಳೆಯ ಗತ್ತು.
ನಡುವೆ ತಡೆದು 'ಮೂಲ್ಕಿ ಆದ ಮೇಲೆ ಎಂತ?' ಎಂದು ಕೇಳಿದರೆ
ಬೆವರುತ್ತಾರೆ.
ಮತ್ತೆ ಕೊಟ್ಟಾರದಿಂದಲೇ ಬಸ್ಸು ಬಿಡಬೇಕು.

'ಸಂಶೋಧನೆಯ ಅನುಭವ' ಎಂಬ ಕಾಲಂ ಉಂಟು.
ಹಳೆಯ ಟ್ರಿಪ್‌ಶೀಟುಗಳ ಬೆನ್ನಿಗೆ ಬರೆದಿಟ್ಟದ್ದು
ಅನುಭವವೋ ಏನೋ:
ಹತ್ತೊಂಬತ್ತು ರಾತ್ರಿ, ಮೂವತ್ತೆಂಟು ಟ್ರಿಪ್ಪು,
ಎರ್ಮಾಳು ಎರಡು ಸಲ ತಪ್ಪಿದೆ,
ವಿಸಿಲ್ ಹೊಡೆದರೆ ಬೇಗ ಹೊರಡುತ್ತಾರೆ.

ಗೈಡಿನ ಸಹಿ ಬೇಕಿತ್ತು. ಮಣಿಪಾಲದ ಗುಡ್ಡ ಹತ್ತಿದೆ.
ವಾರಿಜಾ ಮೇಡಂ ಕನ್ನಡಕ ಹಣೆಗೇರಿಸಿ ಶೀಟು ಓದಿದರು.
ಅವರ ಬೆನ್ನ ಹಿಂದೆ ಒಂದು ಬಿಳಿ ಇಲಿ
ಕಾಳು ತೆಗೆದು ವಾರವಾದರೂ
ಅದೇ ಮೂಲೆಗೆ ಎಡಕ್ಕೆ ತಿರುಗುತ್ತಿತ್ತು.
'ಒಬ್ಬರೇ ಇದ್ದರೆ ಡೇಟಾ ಆಗುವುದಿಲ್ಲ ಮಾರಾಯ್ತಿ.
ಮತ್ತೆ, ಕರುಣೆಗೆ ಸೀಟು ಸಿಗುವುದಿಲ್ಲ.'
ಸಹಿ ಹಾಕಿದರು. ಪೆನ್ನು ಮುಚ್ಚುತ್ತಾ ಕೇಳಿದರು:
'ಇವರ ಒಪ್ಪಿಗೆ ತೆಗೆದುಕೊಂಡಿದ್ದೀಯಾ?'

ಇಲ್ಲ.
ಇಳಿಯುವ ಬಸ್ಸಿನಲ್ಲಿ ಉದ್ದಕ್ಕೂ ಅದೇ.
ಅವರು ಬೆವರಿದ್ದನ್ನು ಬರೆದುಕೊಂಡೆ,
ಯಾವ ಸ್ಟಾಪಿನಲ್ಲಿ ಎಂದೂ ಬರೆದುಕೊಂಡೆ,
ಒರೆಸಿದ್ದು ಅಮ್ಮ.

ರಾತ್ರಿ ಅವರ ಮಂಚದ ತುದಿಯಲ್ಲಿ ಕೂತು
ತುಳುವಿನಲ್ಲಿ ಕೇಳಿದೆ, ನಿಮ್ಮ ವಿಷಯ ಬರೆಯಲಾ ಎಂದು.
ಅಮ್ಮನ ಬೆರಳುಗಳು ಬೀಡಿ ಸುತ್ತುತ್ತಲೇ ಇದ್ದವು,
ಕಣ್ಣು ಮಾತ್ರ ನಮ್ಮ ಕಡೆ.
ಅಪ್ಪ ನನ್ನನ್ನು ಬಹಳ ಹೊತ್ತು ನೋಡಿದರು.
ಎಡಗೈ ಎತ್ತಿ ಗೋಡೆಗೆ ಎರಡು ಸಲ ತಟ್ಟಿದರು.
'ರೈಟ್ ಪೋಯಿ.'

ಅದು ಹೌದೋ?
ಅಥವಾ ಇಪ್ಪತ್ತಾರು ವರ್ಷ
ಪ್ರತಿ ಸ್ಟಾಪಿನಲ್ಲೂ ಬಾಯಿ ತಾನಾಗಿ ಹೇಳಿದ್ದನ್ನೇ
ಇನ್ನೊಮ್ಮೆ ಹೇಳಿತೋ?
ಇಲಿಗೆ ಗೊತ್ತಿಲ್ಲ. ನನಗೆ ಗೊತ್ತಿಲ್ಲ.
ಅಮ್ಮನನ್ನು ಕೇಳಿದೆ. 'ನಿನಗೆ ಓದಿ ಓದಿ ಮಂಡೆ ಹಾಳಾಗಿದೆ,
ಅವರು ಹೂಂ ಅಂದದ್ದು' ಎಂದಳು,
ಎಲೆಯ ಅಂಚು ಮಡಚುತ್ತಾ.

ಯಾಕೆ ಎಂಬ ಪ್ರಶ್ನೆಯ ಕೆಳಗೆ
ಆ ಎರಡು ಪದಗಳನ್ನೂ ಎರಡು ಅನುಮಾನಗಳನ್ನೂ ಬರೆದೆ.

ಹನ್ನೊಂದು ಐವತ್ತು. ಸರ್ವರು ತಿರುಗುತ್ತಿದೆ.
ಐನೂರ ಹದಿನಾರು ಪದ, ಕೆಂಪು ಅಕ್ಷರದಲ್ಲಿ ಬೈಯುತ್ತಿದೆ.
ಕೊಟ್ಟಾರದಿಂದ ಉಡುಪಿಗೆ ಹದಿನಾರೇ ಸ್ಟಾಪು,
ಒಂದು ಸಾಲು ತೆಗೆದರೆ ಮುಗಿಯಿತು.

'ಅತ್ಯಂತ', 'ಹೃತ್ಪೂರ್ವಕ', 'ಕನಸು' ತೆಗೆದೆ.
'ಸಮಾಜಕ್ಕೆ ಕೊಡುಗೆ' ತೆಗೆದೆ.
ನನ್ನ ರ‍್ಯಾಂಕಿನ ವಾಕ್ಯ ಪೂರ್ತಿ ತೆಗೆದೆ.
ಹೆಜಮಾಡಿಯ ಮೇಲೆ ಒಮ್ಮೆ ಕರ್ಸರು ನಿಂತಿತು.
ಬೇಡ.
ಅದು ಬಿಟ್ಟುಹೋದರೆ ಅಪ್ಪ
ಮತ್ತೆ ಕೊಟ್ಟಾರದಿಂದ ಹೊರಡಬೇಕಾಗುತ್ತದೆ.