ಹನ್ನೊಂದನೆಯ ಸೀಸೆ

ರಾತ್ರಿ ಹನ್ನೆರಡಕ್ಕೆ ನನ್ನ ಬೆಳಗು.
ಪಾಳಿ ಮುಗಿಸಿ ಬಂದ ರಾಯೆನ್ ಮೇಲಿನ ಬಂಕಿಗೆ ಹತ್ತುವಾಗ
ಅವಳ ಒದ್ದೆ ಕಾಲುಚೀಲ ನನ್ನ ಮೂಗನ್ನು ಸವರಿಕೊಂಡೇ ಹೋಗುತ್ತದೆ.
ಅದೇ ನನ್ನ ಕೋಳಿ ಕೂಗು.
ಶುಭೋದಯ ಅನ್ನುತ್ತೇನೆ. ಶುಭರಾತ್ರಿ ಅನ್ನುತ್ತಾಳೆ.
ಇಬ್ಬರದೂ ಸುಳ್ಳಲ್ಲ.

ಓಣಿಯ ಗೋಡೆ ಒಮ್ಮೆ ನೆಲ, ಒಮ್ಮೆ ಗೋಡೆ.
ಬಟ್ಟೆ ಒಗೆಯುವ ಯಂತ್ರದ ಮೇಲೆ ಯಾರೋ ಚೀಟಿ ಅಂಟಿಸಿದ್ದಾರೆ:
'ಇದರೊಳಗಿನ ಪ್ಯಾಂಟು ಮೂರು ದಿನದಿಂದ ಅನಾಥ.'
ಪುಂತಾ ಅರೇನಾಸ್ ಬಿಟ್ಟು ಒಂಬತ್ತು ದಿನ,
ಐವತ್ತೇಳು ಡಿಗ್ರಿ ದಕ್ಷಿಣ,
ಟೊಮೆಟೊ ಮುಗಿದು ನಾಲ್ಕು ದಿನ.

ಹಿಂಬದಿಯ ಅಟ್ಟದಲ್ಲಿ ಚೌಕಟ್ಟು ಸಿದ್ಧವಾಗಿ ನಿಂತಿದೆ:
ಸುತ್ತಲೂ ಇಪ್ಪತ್ತನಾಲ್ಕು ಬೂದು ಸೀಸೆ,
ಎರಡೂ ತುದಿಯಲ್ಲಿ ಬಾಯಿ ತೆರೆದುಕೊಂಡು.
ನಿಬಾಲ್ದೊ ಹಿಡಿಕೆ ತಳ್ಳುತ್ತಾನೆ.
ನಿಮಿಷಕ್ಕೆ ಅರವತ್ತು ಮೀಟರ್, ನಾಲ್ಕು ಸಾವಿರದವರೆಗೆ.
ಹಗ್ಗ ಇಳಿಯುತ್ತದೆ, ಇಳಿಯುತ್ತದೆ, ಇಳಿಯುತ್ತಲೇ ಇರುತ್ತದೆ;
ಅಷ್ಟರಲ್ಲಿ ನಾನು ಹೆಸರಿನ ಚೀಟಿ ಬರೆಯುತ್ತೇನೆ, ಉಗುರು ಕತ್ತರಿಸುತ್ತೇನೆ,
ಪರದೆಯ ಮೇಲೆ ಕೆಂಪು ಗೆರೆ ತಣ್ಣಗಾಗುವುದನ್ನು ನೋಡುತ್ತೇನೆ.

ನಿಬಾಲ್ದೊ ಮೊದಲು ಮೀನಿನ ದೋಣಿಯಲ್ಲಿದ್ದವ.
'ಆಗ ಬಲೆಯಲ್ಲಿ ಬರೀ ನೀರು ಬಂದರೆ
ಅಪ್ಪ ದೇವರಿಗೂ ಸೇರಿಸಿ ಬೈಯುತ್ತಿದ್ದ.
ಇಲ್ಲಿ ಬರೀ ನೀರೇ ಬರುತ್ತದೆ,
ನೀವೆಲ್ಲ ಓಡೋಡಿ ಬರುತ್ತೀರಿ.'

ಓಡಿದೆವು.
ಮೊದಲು ಆಮ್ಲಜನಕದ ಪುಟ್ಟ ಶೀಷೆಗೆ, ಒಂದು ಗುಳ್ಳೆಯೂ ಇರಕೂಡದು,
ಆಮೇಲೆ ಉಪ್ಪಿಗೆ. ಮೂರು ಸಲ ತೊಳೆ, ನಾಲ್ಕನೆಯ ಸಲ ತುಂಬು.
ಬೆರಳು ನನ್ನವಲ್ಲ ಅನ್ನಿಸುವಷ್ಟು ತಂಪು.
ಎಂಟು. ಒಂಬತ್ತು. ಹತ್ತು.
ಹನ್ನೊಂದು ತೆರೆದೇ ಇತ್ತು.
ಸಾವಿರದ ಎಂಟುನೂರರಲ್ಲಿ ಮುಚ್ಚಬೇಕಿತ್ತು; ಕೊಕ್ಕೆ ಬಿಡಲಿಲ್ಲ.
'ಹನ್ನೊಂದು, ಖಾಲಿ' ಎಂದು ಪೆನ್ಸಿಲಿನಲ್ಲಿ ಬರೆದೆ.
ಸಂಜೆ ಡಾಕ್ಟರ್ ಒಲಾವೆ ಹತ್ತರಿಂದ ಹನ್ನೆರಡಕ್ಕೆ
ಸ್ಕೇಲಿಟ್ಟು ಗೆರೆ ಎಳೆಯುತ್ತಾರೆ,
ನಡುವೆ ಏನೂ ನಡೆದಿಲ್ಲವೆಂಬಂತೆ.

ನಾಲ್ಕಕ್ಕೆ ಅಡುಗೆಯ ಅನ್ಸೆಲ್ಮೊ ದೊಡ್ಡ ಪಾತ್ರೆ ಹಿಡಿದು ಬಂದ.
ಚಿಲೊಯೆ ದ್ವೀಪದವನು, ತನ್ನೂರಿನ ಆಲೂಗಡ್ಡೆ ಬಿಟ್ಟು ಹಡಗು ಹತ್ತುವವನಲ್ಲ.
'ಉಳಿದ ನೀರು ಚೆಲ್ಲಬೇಡಿ. ಕೆಳಗಿನದು, ತೀರ ಕೆಳಗಿನದು ಕೊಡಿ.
ಎಷ್ಟು ಹಳತು ಇದು?'
ಬಿಸಿಲು ಕಂಡು ಆರುನೂರೋ ಎಂಟುನೂರೋ ವರ್ಷ ಆಗಿರಬಹುದು, ಅಂದೆ.
ಪಾತ್ರೆಯೊಳಗೆ ಬಗ್ಗಿ ನೋಡಿದ.
'ಹಾಗಾದರೆ ಚೆನ್ನಾಗಿ ಕುದಿಸಬೇಕು.'

ಕುದಿಯಿತು.
ಅಷ್ಟು ಕಾಲದ ಕತ್ತಲೆ ಕಾಲು ಗಂಟೆಯಲ್ಲಿ ಆವಿಯಾಗಿ
ಊಟದ ಕೋಣೆಯ ದುಂಡು ಕಿಟಕಿಗೆ ಕೂತಿತು.
ರಬ್ಬರು ಹಾಸಿನ ಮೇಲೆ ತಟ್ಟೆ, ತಟ್ಟೆಯಲ್ಲಿ
ಹೆಬ್ಬೆರಳಿನಷ್ಟು, ಕಪ್ಪು ನೇರಳೆ, ಸಿಪ್ಪೆ ಬಿರಿದ ಗಡ್ಡೆಗಳು.
ಎಲ್ಲರೂ ಕಾದೆವು, ಯಾರಾದರೂ ಮೊದಲು ತಿನ್ನಲಿ ಎಂದು.
ನಾನೇ ತಿಂದೆ.
ಉಪ್ಪು.
ಉಪ್ಪಿಗಿಂತ ಬೇರೆ ರುಚಿ ಇರಲಿಲ್ಲ.
ನಿಬಾಲ್ದೊ ಸಿಪ್ಪೆ ಸಮೇತ ಅಗಿದ, ಬಹಳ ಹೊತ್ತು.
'ಅಮ್ಮ ಮನೆ ಮುಂದಿನ ನೀರಲ್ಲೇ ಬೇಯಿಸುತ್ತಿದ್ದಳು,
ಮೊಣಕಾಲಷ್ಟು ಆಳಕ್ಕಿಳಿದು, ಬಕೆಟ್ಟಿನಲ್ಲಿ ತಂದು.
ಇದೇ.'
ಇನ್ನೊಂದು ಎತ್ತಿಕೊಂಡ.

ಕಿಟಕಿಗೆ ರಟ್ಟು ಒತ್ತಿ ಮಲಗಿದ್ದೇನೆ, ಹೊರಗೆ ಬೆಳಕು.
ತಲೆಯಲ್ಲಿ ಹನ್ನೊಂದನೆಯದು.
ನಾಲ್ಕು ಸಾವಿರ ಇಳಿದು, ನಾಲ್ಕು ಸಾವಿರ ಏರಿ,
ಉಳಿದವು ಒಂದೊಂದೇ ಆಳವನ್ನು ಕಚ್ಚಿ ಹಿಡಿದಾಗ
ಇದು ಬಾಯಿ ತೆರೆದುಕೊಂಡೇ ಬಂತು.
ಎಲ್ಲ ನೀರೂ ಅದರೊಳಗೆ ಹಾದುಹೋಗಿತ್ತು.
ಬರೆದಿಡಲು ಒಂದು ಹನಿಯೂ ಇಲ್ಲ.
ಕೊಕ್ಕೆಗೆ ಎಣ್ಣೆ ಹಾಕಲು ನಾಳೆ ಹೇಳಬೇಕು,
ಅಥವಾ ಇವತ್ತು, ಯಾವುದೋ ಒಂದು.

ಮೇಲಿನ ಬಂಕಿನಲ್ಲಿ ರಾಯೆನ್ ಮಗ್ಗುಲು ಬದಲಿಸುತ್ತಾಳೆ.
ಇಲ್ಲ, ಹಡಗು.