ಯಾವ ಕೂಲಿ?

ಎಕ್ಸ್‌ರೇ ಕೋಣೆಯಲ್ಲಿ ನನ್ನ ಮಾತು ಮೂರೇ:
ಎಳೆದುಕೊಳ್ಳಿ. ಹಿಡಿದುಕೊಳ್ಳಿ. ಬಿಡಿ.
ಹತ್ತೊಂಬತ್ತು ವರ್ಷದಿಂದ ಗೌರಿಬಿದನೂರಿನ ಎದೆಗಳಿಗೆಲ್ಲ
ಇಷ್ಟನ್ನೇ ಹೇಳುತ್ತ ಬಂದಿದ್ದೇನೆ.

ಗಂಗುಲಪ್ಪ ಎಳೆದುಕೊಂಡ. ಹಿಡಿಯಲಾಗಲಿಲ್ಲ.
ತಣ್ಣನೆ ತಗಡಿಗೆ ಎದೆಯೊತ್ತಿ ನಿಂತವನು
ನಡುವೆಯೇ ಕೆಮ್ಮಿ, "ತಪ್ಪಾಯ್ತಮ್ಮ" ಅಂದ,
ನನ್ನ ಕೋಣೆಯದೇನೋ ಸಾಮಾನು ಒಡೆದವನಂತೆ.
ಎರಡು ಚಿತ್ರ ಮಸುಕು. ಮೂರನೆಯದು ಬಂತು.

ಚೀಟಿಯಲ್ಲಿ: ವಯಸ್ಸು ಮೂವತ್ತೆಂಟು, ವೃತ್ತಿ ಕೂಲಿ.
ಎರಡು ಸಲ, ಆರಾರು ತಿಂಗಳು, ಟಿ.ಬಿ. ಮಾತ್ರೆ ನುಂಗಿದ್ದಾನೆ,
ಕಿತ್ತಳೆ ಬಣ್ಣದ ಉಚ್ಚೆ ಹೊಯ್ದಿದ್ದಾನೆ;
ಕಫದಲ್ಲಿ ಮಾತ್ರ ಆ ಹುಳು
ಒಂದು ಸಲವೂ ಸಿಕ್ಕಿಲ್ಲ.

ಹೊಸ ಡಾಕ್ಟರು, ಶಿಡ್ಲಘಟ್ಟದ ಕಡೆಯ ಹುಡುಗಿ,
ಫಿಲ್ಮನ್ನು ಬೆಳಕಿಗೆ ಹಿಡಿದು ಸುಮ್ಮನಾದಳು.
ಮೇಲಿನ ಎರಡೂ ಮೂಲೆಗಳಲ್ಲಿ
ರಾಗಿಕಾಳಿನಷ್ಟು ಬಿಳಿ ಚುಕ್ಕೆ, ಎಣಿಸಲಾಗದಷ್ಟು;
ನಡುವಿನ ಗಂಟುಗಳಿಗೆ
ಮೊಟ್ಟೆಯ ಸಿಪ್ಪೆಯಂಥ ತೆಳ್ಳನೆ ಅಂಚು.

"ಯಾವ ಕೂಲಿ?" ಅಂದಳು.
ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ನಾನೂ.

"ಮಿಲ್ಲಮ್ಮ. ಬೆಣಚುಕಲ್ಲು ಹಿಟ್ಟು ಮಾಡೋದು.
ಗಾಜಿನ ಫ್ಯಾಕ್ಟರಿಗೆ ಹೋಗ್ತದೆ, ಮೈದಾಗಿಂತ ನುಣುಪು.
ಬಾಯಿಗೆ ಟವೆಲ್ ಕಟ್ಕೊಂಡು ಚೀಲ ತುಂಬ್ತಿದ್ವಿ.
ಎದುರಿಗಿರೋನ ಮುಖ ಕಾಣ್ತಿರಲಿಲ್ಲ,
ಕೆಮ್ಮು ಕೇಳೇ ಯಾರೂಂತ ಗೊತ್ತಾಗೋದು."

ಎಷ್ಟು ವರ್ಷ? ಹನ್ನೊಂದು.
ಹಾಜರಿ ಪುಸ್ತಕ? ನಗು ಬಂತವನಿಗೆ, ನಗುವಿನ ಬೆನ್ನಿಗೆ ಕೆಮ್ಮು.
ಸಂಬಳದ ಚೀಟಿಯಿಲ್ಲ, ಇ.ಎಸ್.ಐ. ಇಲ್ಲ,
ಮೇಸ್ತ್ರಿ ಈಗ ಹಿಂದೂಪುರದಲ್ಲೆಲ್ಲೋ.
ದುಡಿದದ್ದಕ್ಕೆ ಉಳಿದ ದಾಖಲೆ
ಈ ಒಂದು ಹಾಳೆ ಫಿಲ್ಮು.

'ಕೂಲಿ'ಯನ್ನು ಹೊಡೆದು ಹಾಕಿ
ಆ ಪುಟ್ಟ ಚೌಕದಲ್ಲಿ ಹಿಡಿಸದಷ್ಟು ಬರೆದಳು,
ಅಕ್ಷರಗಳು ಗೆರೆ ದಾಟಿ ವಿಳಾಸದ ಮೇಲೆ ಹರಿದವು.
ಜೊತೆಗೆ ಯಾರಿದ್ದರು?
ಪಿಳ್ಳಪ್ಪ, ಹೋದ. ಅಶ್ವತ್ಥಪ್ಪ, ಹೋದ.
ಬಾಬಾಜಾನ್ ಇದ್ದಾನೆ,
ರಾತ್ರಿಯೆಲ್ಲ ಗೋಡೆಗೊರಗಿ ಕೂತೇ ನಿದ್ದೆ.

"ವಾಸಿಯಾಗ್ತದಾ?"
"ಆ ಮಾತ್ರೆ ನಿಲ್ಲಿಸೋಣ" ಅಂದಳು.
ಅದು ಉತ್ತರವಲ್ಲವೆಂದು ಮೂವರಿಗೂ ಗೊತ್ತಿತ್ತು.
ಫಿಲ್ಮನ್ನು ಸುರುಳಿ ಸುತ್ತಿ, ಬನಿಯನ್ನಿನೊಳಗೆ ಇಟ್ಟುಕೊಂಡು
ಅವನು ಬಸ್‌ಸ್ಟ್ಯಾಂಡಿನ ಕಡೆ ಹೊರಟ,
ಎರಡು ಕಡೆ ನಿಂತು.

ಊಟದ ಹೊತ್ತಿಗೆ ಇನ್ನೊಬ್ಬ. ಹತ್ತೊಂಬತ್ತರ ಹುಡುಗ,
ಕೈಯಲ್ಲಿ ಅದೇ ಮಿಲ್ಲಿನ ಕಾಗದ:
ಈಗ ಹೊಸ ಮಾಲೀಕರಂತೆ,
ಎದೆ ಚೆನ್ನಾಗಿರುವವರೇ ಬೇಕಂತೆ.
ಎಳೆದುಕೋ ಅಂದೆ.
ಎಳೆದುಕೊಂಡ, ಬಾವಿಗೆ ಹಾರುವವನ ಹಾಗೆ.
ಹಿಡಿದುಕೋ ಅಂದೆ. ಹಿಡಿದ.
ಮಿಷನ್ನು ಟಕ್ ಅಂದು ಎಷ್ಟೋ ಹೊತ್ತಾಗಿತ್ತು,
ಅವನಿನ್ನೂ ಹಿಡಿದೇ ನಿಂತಿದ್ದ,
ನಾನು ಮೂರನೆಯ ಮಾತು ಆಡಲೆಂದು.