ಬೂದಿರಾಣಿ ಸತ್ತಾಗ ಅವಳ ಬಲವೆಷ್ಟು

ಔಲು ಪಟ್ಟಣ, ಜನವರಿ. ಮೂರು ಗಂಟೆಗೇ ಕತ್ತಲೆ.
ನೆಲಮಾಳಿಗೆಯ ಅಂಗಡಿಯಲ್ಲಿ
ಮೂವತ್ತೆರಡು ಆಟಗಾರರಿಗೆ ಹನ್ನೊಂದೇ ಗೂಟ;
ಕೋಟಿನ ಮೇಲೆ ಕೋಟು, ಅದರ ಮೇಲೆ ಮತ್ತೊಂದು,
ಕರಗಿದ ಹಿಮ ತೊಟ್ಟಿಕ್ಕಿ ನೆಲವೆಲ್ಲ ಕೆರೆ.

ನನ್ನ ಎದೆಯ ಮೇಲೆ ಹೊಸ ಬಿಲ್ಲೆ: ತೀರ್ಪುಗಾರ.
ನಾಲ್ಕನೆಯ ಮೇಜಿನಿಂದ ಒಂದು ಕೈ ಎದ್ದಿತು.

ಇತ್ತ ಒಸ್ಸಿ, ಹದಿನಾಲ್ಕರವನು,
ಉಗುರು ಕಚ್ಚಿ ಕಚ್ಚಿ ಬೆರಳೇ ಮೊಂಡು.
ಅತ್ತ ತೈಮಿ, ರಾತ್ರಿ ಪಾಳಿ ಮುಗಿಸಿ
ಕಣ್ಣೂ ಮುಚ್ಚದೆ ಬಂದ ದಾದಿ,
ಆಟದಲ್ಲಿ ಉಳಿದದ್ದು ಐದೇ ಐದು ಉಸಿರು.

ಒಸ್ಸಿಯ ಕಡೆ ಬೂದಿರಾಣಿ. ಅಚ್ಚಾದ ಬಲ ಎರಡು.
ಪಕ್ಕದಲ್ಲಿ ಕೆಂಪು ಬಾವುಟ:
ಅದರಡಿ ನಿಂತವರಿಗೆ ಮೂರು ಹೆಚ್ಚು.
ರಾಣಿಯ ಪಾದದಲ್ಲಿ ಇರುವೆ ಸಾಲಿನಂಥ ಅಕ್ಷರ:
'ನಾನು ಸತ್ತರೆ, ನನ್ನ ಬಲದಷ್ಟು ಉಸಿರು ನಿನ್ನಿಂದ ಕೀಳುವೆ.'
ತೈಮಿ ಇಳಿಸಿದ್ದು ಹಿಮಕುಸಿತ.
ಮೇಜಿನ ಮೇಲಿದ್ದುದೆಲ್ಲ ಮಣ್ಣುಪಾಲು.

"ಬಾವುಟವೂ ಹೋಯಿತಲ್ಲ,
ಗೋರಿಯಲ್ಲಿ ಮಲಗಿದವಳ ಬಲ ಎರಡೇ."
"ಐದು!" ಅಂದ ಒಸ್ಸಿ. ದನಿ ನಡುವೆಯೇ ಒಡೆಯಿತು.

ಪುಸ್ತಕ ಬಿಚ್ಚಿದೆ. ಬಿಚ್ಚುವ ಮೊದಲೇ ಬಾಯಿಗೆ ಬಂತು:
ಹೋದವರನ್ನು ಹೋದ ಕಡೆ ನೋಡಬೇಡ,
ಕಡೆಯ ಗಳಿಗೆಯಲ್ಲಿ ಇದ್ದಂತೆ ನೋಡು.
ರಾಣಿ, ಬಾವುಟ ಒಟ್ಟಿಗೆ ಉರುಳಿದರೆ
ಉರುಳುವ ಮುನ್ನ ಅವಳಿದ್ದದ್ದು ಬಾವುಟದ ಕೆಳಗೇ.
ಐದು, ಅಂದೆ. ತೈಮಿ ಸತ್ತಳು, ಅಂದೆ.
ಅವಳು ತಲೆಯಾಡಿಸಿದಳು, ಇಂಥದ್ದು ಅವಳಿಗೆ ಗೊತ್ತು:
ಆಸ್ಪತ್ರೆಯ ಹಾಳೆಯಲ್ಲಿ ಬರೆಯುವುದೇ
ಕಡೆಯ ನಾಡಿ, ಕಡೆಯ ಜ್ವರ.
ಆದರೂ, "ರೈಲಿಯನ್ನು ಕರಿ," ಅಂದಳು.

ಹೆಸರು ರೈಲಿ, ಮೂವತ್ತು ವರ್ಷ ದುಡಿದದ್ದೂ ರೈಲಿಗೇ,
ಸರಕುಬಂಡಿಗಳ ಅಂಗಳದಲ್ಲಿ ಹಳಿ ಬದಲಿಸುತ್ತ.
ಪುಸ್ತಕ ಮುಟ್ಟಲಿಲ್ಲ. ಮೇಜು ನೋಡಿದಳು,
ಒಸ್ಸಿಯ ಕೈಯಲ್ಲಿದ್ದ ಎಲೆಗಳನ್ನು ಎಣಿಸಿದಳು.
"ಈ ಮೂರನೆಯದು ಯಾವಾಗ ಬಂತು?"

ಒಸ್ಸಿ ಕೆಮ್ಮಿದ.
"ಅವರು ಹಿಮ ಅಂದಾಗ. ಬಾವುಟ ಹೇಗೂ ಹೋಗುತ್ತಲ್ಲ,
ಸುಮ್ಮನೆ ಯಾಕೆ ದಂಡ ಅಂತ ನಾನೇ ಸುಟ್ಟೆ.
ಸುಟ್ಟರೆ ಒಂದು ಎಲೆ ಸಿಗುತ್ತೆ."

ಅಯ್ಯೋ. ಇದನ್ನು ನಾನು ಕೇಳಿರಲೇ ಇಲ್ಲ.

ರೈಲಿ ಮೇಜಿನ ಅಂಚಿಗೆ ಬೆರಳೆಳೆದಳು.
"ಇದು ಕುರುಡು ಹಳಿ. ತುದಿಯಲ್ಲಿ ಗೋಡೆ.
ಮೊದಲು ಹೊಕ್ಕ ಬಂಡಿ ಇವಳ ಹಿಮ,
ಅದರ ಬೆನ್ನಿಗೆ ನಿನ್ನ ಬೆಂಕಿ.
ಹೊರಗೆಳೆದರೆ ಯಾವುದು ಮೊದಲು?"
"ಬೆಂಕಿ."
"ಬಾವುಟ ಉರಿದುಹೋಯಿತು. ಆಗ ರಾಣಿ?"
"ಎರಡು."
"ಹಿಮ ಬಿದ್ದದ್ದು ಆಮೇಲೆ. ಬಿದ್ದದ್ದು ಯಾರ ಮೇಲೆ?"

ಐದರಲ್ಲಿ ಎರಡು ಕಳೆದರೆ ಮೂರು ಉಸಿರು.
ತೈಮಿ ಬದುಕಿದ್ದಾಳೆ, ಆಕಳಿಸುತ್ತಿದ್ದಾಳೆ.

"ನಾನು ಸುಮ್ಮನೆ ಕೂತಿದ್ದರೆ?"
"ಗೆಲ್ಲುತ್ತಿದ್ದೆ."

ಯಾರೂ ನಗಲಿಲ್ಲ. ಸುಟ್ಟು ಪಡೆದ ಎಲೆಯನ್ನು
ಒಸ್ಸಿ ತಾನಾಗಿ ತಿರುಗಿಸಿ ತೋರಿಸಿದ:
ಒಂದು ಬಾವಿ. ಅವನ ಬಳಿ ಆಗಲೇ ಆರಿದ್ದವು.

ನಿಯಮ ನನಗೆ ಬಾಯಿಪಾಠವಿತ್ತು.
ನಡೆದದ್ದೇನೆಂದು ಗೊತ್ತಿರಲಿಲ್ಲ.
ರೈಲಿಗೆ ಹಾಗೆ ಹೇಳಿದೆ. ಅವಳು
ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಬಗ್ಗಿಸಿ ಕೊಟ್ಟಳು,
ಸಕ್ಕರೆಯಿಲ್ಲದ್ದು, ಕಹಿ.

ಎಲ್ಲರಿಗಿಂತ ತಡವಾಗಿ ಬಂದವನು ಒಸ್ಸಿ,
ಅವನ ಕೋಟು ಗೂಟದ ಮೇಲುಗಡೆಯೇ ಇತ್ತು.
ಒಂದೇ ಎಳೆತ, ಮೆಟ್ಟಿಲು, ಬಾಗಿಲು, ತಣ್ಣನೆ ಗಾಳಿ.
ಬೆಳಿಗ್ಗೆ ಒಂಬತ್ತಕ್ಕೇ ಬಂದವನು ನಾನು.
ನನ್ನದು ಎಲ್ಲಕ್ಕೂ ಅಡಿಯಲ್ಲಿ,
ಇನ್ನೂ ಮೂರು ಜನ ಹೋಗಬೇಕು.